ಫ್ಯಾನ್ ತಿರುಗುತ್ತಿರುವ ಕೋಣೆಯಿಂದ ಲೈವ್: ಮೈಕು ಯಾವುದು, ಇಡುವುದು ಎಲ್ಲಿ

ಲೈವ್ ಶುರು ಮಾಡಬೇಕು ಎಂದುಕೊಂಡವರು ಮೊದಲು ಕೇಳುವುದು ‘ಯಾವ ಮೈಕು ತಗೊಳ್ಳಲಿ?’ ಎಂದು. ಅದಕ್ಕಿಂತ ಮುಂಚೆ ನೋಡಬೇಕಾದದ್ದು ನೀವು ಕೂರುವ ಕುರ್ಚಿಯಿಂದ ಸೀಲಿಂಗ್ ಫ್ಯಾನ್ ಎಲ್ಲಿದೆ ಎಂಬುದನ್ನು. ಮೈಕಿನ ಬಗ್ಗೆ ಸಿಗುವ ಬಹುಪಾಲು ಸಲಹೆಗಳು ನೆಲಕ್ಕೆ ಕಾರ್ಪೆಟ್ ಹಾಸಿದ, ಕಿಟಕಿ ಬಿಗಿಯಾಗಿ ಮುಚ್ಚಿದ, ಚಳಿದೇಶದ ಕೋಣೆಗಳಿಗೆ ಬರೆದವು. ನಮ್ಮ ಮನೆಗಳಲ್ಲಿ ಕಾಲ ಕೆಳಗೆ ಟೈಲ್ಸ್, ಸುತ್ತ ಬೋಳು ಗೋಡೆ, ತಲೆಯ ಮೇಲೆ ಫ್ಯಾನ್. ಏಪ್ರಿಲ್ ತಿಂಗಳಲ್ಲಿ ರಾಯಚೂರಿನಲ್ಲೋ ಕಲಬುರಗಿಯಲ್ಲೋ ಕೂತವರಿಗೆ ‘ಫ್ಯಾನ್ ಆರಿಸಿ ಎರಡು ಗಂಟೆ ಮಾತಾಡಿ’ ಎಂದರೆ ಅದನ್ನು ಯಾರೂ ಪಾಲಿಸುವುದಿಲ್ಲ, ಪಾಲಿಸಲೂಬಾರದು. ಆದ್ದರಿಂದ ಇಲ್ಲಿ ಫ್ಯಾನ್ ಓಡುತ್ತಲೇ ಇರುತ್ತದೆ ಎಂದು ಇಟ್ಟುಕೊಂಡೇ ಬರೆಯುತ್ತಿದ್ದೇನೆ. ಪಾಠ ಮಾಡುವವರು, ಸುದ್ದಿ ವಿಶ್ಲೇಷಣೆ ಮಾಡುವವರು, ಗೇಮ್ ಆಡುತ್ತ ಮಾತಾಡುವವರು, ಹೀಗೆ ಒಂದು ಕೋಣೆಯಲ್ಲಿ ಕೂತು ಮಾತಾಡುವ ಎಲ್ಲರಿಗೂ ಇದು ಹೊಂದುತ್ತದೆ. ಹಾಡುವವರ ಲೆಕ್ಕ ಸ್ವಲ್ಪ ಬೇರೆ, ಅದು ಮುಂದೆ ಬರುತ್ತದೆ.

ಮೂತಿ ಯಾವ ಕಡೆ, ಬೆನ್ನು ಯಾವ ಕಡೆ

ಮಾತಿಗೆಂದು ಮಾರುವ ಹೆಚ್ಚಿನ ಮೈಕುಗಳು ಕಾರ್ಡಿಯಾಯ್ಡ್ ಮಾದರಿಯವು. ಎದುರಿನಿಂದ ಬಂದ ಶಬ್ದವನ್ನು ಪೂರ್ತಿ ಹಿಡಿಯುತ್ತವೆ, ಪಕ್ಕದಿಂದ ಬಂದದ್ದನ್ನು 6 ಡೆಸಿಬೆಲ್ ಕಡಿಮೆ ಹಿಡಿಯುತ್ತವೆ, ಬೆನ್ನ ಹಿಂದಿನದನ್ನು ಬಹುಮಟ್ಟಿಗೆ ಬಿಟ್ಟೇಬಿಡುತ್ತವೆ.

ಟೇಬಲ್ ಮೇಲಿನ ಪುಟ್ಟ ಸ್ಟ್ಯಾಂಡಿನಲ್ಲಿ ಮೈಕು ನಿಲ್ಲಿಸಿ, ಅದರ ಮೂತಿಯನ್ನು 45 ಡಿಗ್ರಿ ಮೇಲಕ್ಕೆತ್ತಿ ಬಾಯಿಯ ಕಡೆ ತಿರುಗಿಸಿದ್ದೀರಿ ಎಂದುಕೊಳ್ಳಿ. ಫ್ಯಾನ್ ನೇರ ಮೇಲಿದೆ. ಮೈಕಿನ ಮೂತಿಗೂ ಫ್ಯಾನಿಗೂ ನಡುವೆ ಇರುವುದು ಬರೀ 45 ಡಿಗ್ರಿ. ಆ ಕೋನದಲ್ಲಿ ಕಾರ್ಡಿಯಾಯ್ಡ್ ಕಡಿಮೆ ಮಾಡುವುದು ಸುಮಾರು 1.4 ಡೆಸಿಬೆಲ್. ಅಂದರೆ ನಿಮ್ಮ ಮಾತಿಗೆ ಎಷ್ಟು ಬಾಗಿಲು ತೆರೆದಿದೆಯೋ ಫ್ಯಾನಿಗೂ ಹೆಚ್ಚುಕಮ್ಮಿ ಅಷ್ಟೇ ತೆರೆದಿದೆ. ಈಗ ಅದೇ ಮೈಕನ್ನು ಟೇಬಲ್ ಅಂಚಿಗೆ ಕಚ್ಚಿಸುವ, ಮಡಚುವ ತೋಳಿನಂಥ ಬೂಮ್ ಆರ್ಮ್‌ಗೆ ಸಿಕ್ಕಿಸಿ, ಹಣೆಯ ಮಟ್ಟಕ್ಕೆ ತಂದು, ಬಾಯಿಯ ಕಡೆಗೆ 45 ಡಿಗ್ರಿ ಕೆಳಮುಖ ಮಾಡಿ. ಫ್ಯಾನ್ ಈಗ ಮೂತಿಯಿಂದ 135 ಡಿಗ್ರಿ ಆಚೆಗೆ ಹೋಯಿತು. ಅಲ್ಲಿ ಕಡಿತ ಸುಮಾರು 17 ಡೆಸಿಬೆಲ್. ಮೈಕು ಬದಲಿಸದೆ, ಒಂದು ಫಿಲ್ಟರ್ ಕೂಡ ಹಾಕದೆ ಸಿಕ್ಕ ಲಾಭ 15 ಡೆಸಿಬೆಲ್.

ಇದು ಕಾಗದದ ಮೇಲಿನ ಲೆಕ್ಕ. ಫ್ಯಾನಿನ ಶಬ್ದ ಗೋಡೆಗೂ ನೆಲಕ್ಕೂ ಬಡಿದು ಎದುರಿನಿಂದಲೂ ಬರುತ್ತದೆ. ಮಂದ್ರದ ಗುಂಯ್ ಶಬ್ದಕ್ಕೆ ಮೈಕಿನ ದಿಕ್ಕಿನ ಹಿಡಿತವೂ ಸಡಿಲ. ಹಾಗಾಗಿ 15 ಡೆಸಿಬೆಲ್ ಪೂರ್ತಿ ಕೈಗೆ ಬರುವುದಿಲ್ಲ. ಬಂದಷ್ಟು ಮಾತ್ರ ಕಿವಿಗೆ ಚೆನ್ನಾಗಿಯೇ ಗೊತ್ತಾಗುತ್ತದೆ. ಮೈಕಿಗೆ ಸುರಿಯುವ ದುಡ್ಡಿನಲ್ಲಿ ಒಂದು ಪಾಲು ಬೂಮ್ ಆರ್ಮ್‌ಗೆ ತೆಗೆದಿಡಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ. ಅಗ್ಗದ ಕತ್ತರಿ ಆರ್ಮ್ ಆದರೂ ಸರಿ, ಮೈಕಿನ ಭಾರಕ್ಕೆ ಜಗ್ಗದೆ ನಿಂತರೆ ಸಾಕು.

ಮೂತಿ ಎಲ್ಲಿದೆ ಎಂಬುದನ್ನೂ ಖಚಿತ ಮಾಡಿಕೊಳ್ಳಿ. ಶೂರ್ ಎಸ್‌ಎಂ58 ತರಹದ ಕೈಮೈಕುಗಳಿಗೆ ತುದಿಯೇ ಮೂತಿ. ಬ್ಲೂ ಯೇತಿ, ಆಡಿಯೋ-ಟೆಕ್ನಿಕಾ ಎಟಿ2020 ತರಹದವುಗಳಿಗೆ ಮೂತಿ ಇರುವುದು ಮಗ್ಗುಲಲ್ಲಿ, ಕಂಪನಿಯ ಹೆಸರೋ ಗುರುತೋ ಇರುವ ಕಡೆ. ಯೇತಿಯ ತಲೆಯನ್ನು ಬಾಯಿಯ ಕಡೆ ಬಗ್ಗಿಸಿಕೊಂಡು ಮಾತಾಡುವವರನ್ನು ಎಷ್ಟೋ ಚಾನೆಲ್‌ಗಳಲ್ಲಿ ಕಾಣಬಹುದು. ಅವರ ದನಿ ಎಲ್ಲೋ ದೂರದಿಂದ ಬಂದಂತೆ ಕೇಳುತ್ತದೆ. ಇಂಥ ಮೈಕನ್ನು ನೆಟ್ಟಗೆ ನಿಲ್ಲಿಸಿ, ಮಗ್ಗುಲಿಗೆ ಮಾತಾಡಬೇಕು. ಹಾಗೆ ನಿಂತಾಗ ಮೇಲಿನ ಫ್ಯಾನ್ 90 ಡಿಗ್ರಿಯಲ್ಲಿರುತ್ತದೆ, 6 ಡೆಸಿಬೆಲ್ ಕಡಿಮೆಯಾಗುತ್ತದೆ. ಯೇತಿಯಲ್ಲಿ ನಾಲ್ಕು ಮಾದರಿಗಳ ತಿರುಗುಣಿಯೂ ಇದೆ. ಒಬ್ಬರೇ ಮಾತಾಡುವಾಗ ಅದು ಕಾರ್ಡಿಯಾಯ್ಡ್‌ನಲ್ಲೇ, ಅಂದರೆ ಹೃದಯದ ಆಕಾರದ ಗುರುತಿನಲ್ಲೇ ಇರಬೇಕು. ಸುತ್ತಲೂ ಕೇಳುವ ಓಮ್ನಿಗೆ ತಿರುಗಿಬಿಟ್ಟಿದ್ದರೆ ಅಡುಗೆಮನೆಯ ಕುಕ್ಕರ್ ವಿಸಿಲ್ ಕೂಡ ನಿಮ್ಮ ಜೊತೆ ಲೈವ್ ಬರುತ್ತದೆ.

ಸೂಪರ್‌ಕಾರ್ಡಿಯಾಯ್ಡ್ ಮೈಕುಗಳಿಗೆ, ಉದಾಹರಣೆಗೆ ಶೂರ್ ಬೀಟಾ 58ಎ ಅಥವಾ ಸೆನ್‌ಹೈಸರ್ ಇ845ಗೆ, ಲೆಕ್ಕ ಬೇರೆ. ಅವು ಅತಿ ಕಡಿಮೆ ಕೇಳುವ ಜಾಗ ನೇರ ಬೆನ್ನಿನಲ್ಲಿಲ್ಲ, ಮೂತಿಯಿಂದ ಸುಮಾರು 126 ಡಿಗ್ರಿಯಲ್ಲಿದೆ. ನೇರ ಬೆನ್ನಿನಿಂದ ಬಂದದ್ದನ್ನು ಸ್ವಲ್ಪ ಹಿಡಿದುಕೊಳ್ಳುತ್ತವೆ. ಆದ್ದರಿಂದ ಇವನ್ನು ಮೇಲಿನಿಂದ ಕಡಿದಾಗಿ ಕೆಳಕ್ಕೆ ತೂಗುಹಾಕಬೇಡಿ. 35 ಡಿಗ್ರಿಯಷ್ಟು ಇಳಿಜಾರು ಸಾಕು, ಫ್ಯಾನ್ ಸರಿಯಾಗಿ ಆ ಕುರುಡು ಜಾಗಕ್ಕೆ ಬೀಳುತ್ತದೆ.

ಮೈಕು ಮೇಲಿನಿಂದ ಇಳಿದಾಗ ಎದುರಾಗುವ ತೊಂದರೆ ಎರಡು. ಫ್ಯಾನಿನ ಗಾಳಿ ಈಗ ಮೈಕಿನ ಮೇಲೆ ನೇರ ಬೀಳುತ್ತದೆ. ಶಬ್ದ ಬೇರೆ, ಗಾಳಿ ಬೇರೆ. ಗಾಳಿ ಪೊರೆಗೆ ಬಡಿದರೆ ಗುಡುಗುಡು ಎಂದು ಕೇಳುತ್ತದೆ, ಅದನ್ನು ಆಮೇಲೆ ತೆಗೆಯುವುದು ಕಷ್ಟ. ಸ್ಪಂಜಿನ ಟೋಪಿ ಹಾಕಲೇಬೇಕು. ಮುಂದೆ ಮಾತ್ರ ನಿಲ್ಲುವ ಬಟ್ಟೆಯ ದುಂಡು ಪಾಪ್ ಫಿಲ್ಟರ್ ಇದಕ್ಕೆ ಸಾಲದು. ಎರಡನೆಯದು ಕೀಬೋರ್ಡ್. ಕೆಳಮುಖವಾದ ಮೈಕಿಗೆ ಕೀಬೋರ್ಡ್ ಎದುರುಬದುರಾಗುತ್ತದೆ. ಮೆಕ್ಯಾನಿಕಲ್ ಕೀಬೋರ್ಡ್ ಕುಟ್ಟುತ್ತ ಗೇಮ್ ಆಡುವವರು ಮೈಕನ್ನು ಮೇಲಿನಿಂದ ತರುವ ಬದಲು ಎಡಗೆನ್ನೆಯ ಪಕ್ಕದಿಂದ, ನೆಲಕ್ಕೆ ಸಮನಾಗಿ ತರಲಿ. ಫ್ಯಾನ್ ಮತ್ತು ಕೀಬೋರ್ಡ್ ಎರಡೂ ಮಗ್ಗುಲಿಗೆ ಬಿದ್ದು ತಲಾ 6 ಡೆಸಿಬೆಲ್ ತಗ್ಗುತ್ತವೆ. ಟೈಪ್ ಮಾಡದೆ ಬರೀ ಮಾತಾಡುವವರಿಗೆ ಮೇಲಿನಿಂದಲೇ ಒಳ್ಳೆಯದು.

ಫ್ಯಾನಿನ ಬಗ್ಗೆಯೂ ಒಂದು ಮಾತು. ಕೆಲವು ಎಲೆಕ್ಟ್ರಾನಿಕ್ ರೆಗ್ಯುಲೇಟರ್‌ಗಳಲ್ಲಿ ವೇಗ ಇಳಿಸಿದಷ್ಟೂ ಮೋಟರು ‘ಗುರ್‌’ ಎನ್ನತೊಡಗುತ್ತದೆ. ಒಳಗಿನ ಟ್ರಯಾಕ್ ಕರೆಂಟಿನ ಅಲೆಯನ್ನು ಕತ್ತರಿಸಿ ಕೊಡುವುದರಿಂದ ಹೀಗಾಗುತ್ತದೆ. ಕೆಪಾಸಿಟರ್ ಇರುವ ಮೆಟ್ಟಿಲು ರೆಗ್ಯುಲೇಟರ್ ಹಾಕಿಸಿದರೆ ಆ ಗುರ್‌ಗುಟ್ಟುವಿಕೆ ನಿಲ್ಲುತ್ತದೆ. ಎಲೆಕ್ಟ್ರಿಷಿಯನ್‌ಗೆ ಅರ್ಧ ಗಂಟೆಯ ಕೆಲಸವೂ ಅಲ್ಲ.

ದೂರ

ಬಾಯಿಗೂ ಮೈಕಿಗೂ ಇರುವ ದೂರ ಅರ್ಧವಾದಾಗಲೆಲ್ಲ ದನಿ 6 ಡೆಸಿಬೆಲ್ ಏರುತ್ತದೆ. ಮಾನಿಟರ್ ಪಕ್ಕ 60 ಸೆಂಟಿಮೀಟರ್ ದೂರದಲ್ಲಿದ್ದ ಮೈಕನ್ನು 15 ಸೆಂಟಿಮೀಟರ್‌ಗೆ ತಂದರೆ 12 ಡೆಸಿಬೆಲ್. ಮೈಕಿನಿಂದ ಫ್ಯಾನಿಗಿರುವ ದೂರ ಅಷ್ಟರಲ್ಲಿ ಹೆಚ್ಚು ಬದಲಾಗುವುದಿಲ್ಲ, ಹಾಗಾಗಿ ಗೇನ್ (ಮೈಕಿನ ಸಿಗ್ನಲನ್ನು ಎತ್ತುವ ಪ್ರಮಾಣ) ಇಳಿಸಿದಾಗ ಫ್ಯಾನ್ ತಾನಾಗಿ ಹಿಂದೆ ಸರಿಯುತ್ತದೆ. ನಾಲ್ಕು ಬೆರಳಿಗಿಂತ ದೂರ, ಒಂದು ಗೇಣಿಗಿಂತ ಹತ್ತಿರ: ಈ ಅಳತೆ ನೆನಪಿದ್ದರೆ ಟೇಪು ಬೇಡ. ನಾಲ್ಕು ಬೆರಳಿಗಿಂತ ಹತ್ತಿರ ಹೋದರೆ ದನಿ ಅಸಹಜವಾಗಿ ದಪ್ಪಗಾಗುತ್ತದೆ, ದಿಕ್ಕು ಹಿಡಿಯುವ ಹೆಚ್ಚಿನ ಮೈಕುಗಳ ಸ್ವಭಾವ ಅದು. ರೇಡಿಯೋ ದನಿ ಬೇಕೆಂದು ಮೈಕಿಗೆ ಅಂಟಿಕೊಳ್ಳುವವರ ಮಾತು ಫೋನಿನ ಸ್ಪೀಕರ್‌ನಲ್ಲಿ ಬರೀ ಗುಮ್ಮೆನ್ನುತ್ತದೆ. ನೋಡುಗರಲ್ಲಿ ಹೆಚ್ಚಿನವರು ಕೇಳುವುದು ಫೋನಿನಲ್ಲೇ ಎಂಬುದನ್ನು ಮರೆಯಬಾರದು.

ಮೈಕು ಬಾಯಿಯ ನೇರ ಎದುರಿಗೆ ಬೇಡ. ಪ, ಫ, ಬ, ಭ ಹೇಳುವಾಗ ಬಾಯಿಂದ ಗಾಳಿಯ ಉಂಡೆ ನೇರ ಮುಂದಕ್ಕೆ ಹಾರುತ್ತದೆ. ಮೈಕು ಅದರ ದಾರಿಯಿಂದ 30 ಡಿಗ್ರಿ ಪಕ್ಕಕ್ಕೋ ಮೇಲಕ್ಕೋ ಇದ್ದು, ಮೂತಿ ಮಾತ್ರ ಬಾಯಿಯ ಕಡೆ ನೋಡುತ್ತಿದ್ದರೆ ದನಿ ಸಿಗುತ್ತದೆ, ಗಾಳಿ ತಪ್ಪಿಹೋಗುತ್ತದೆ. ಪರೀಕ್ಷೆಗೆ ‘ಭಾನುವಾರ ಬೆಳಗ್ಗೆ ಪಾಪಣ್ಣ ಫಲಪುಷ್ಪ ಪ್ರದರ್ಶನಕ್ಕೆ ಬಂದ’ ಎಂದು ಜೋರಾಗಿ ಹೇಳಿ ರೆಕಾರ್ಡ್ ಮಾಡಿ, ಇಯರ್‌ಫೋನ್‌ನಲ್ಲಿ ಕೇಳಿ. ಎಲ್ಲಾದರೂ ‘ಧಬ್’ ಎಂದರೆ ಕೋನ ಇನ್ನಷ್ಟು ಸರಿಸಿ. ಸ ಮತ್ತು ಶ ಚುಚ್ಚುವಂತೆ ಕೇಳಿದರೂ ಇದೇ ಮದ್ದು.

ಈಗ ಮೈಕು ಕೊಳ್ಳುವ ಮಾತು

ಮೈಕುಗಳಲ್ಲಿ ಮುಖ್ಯವಾಗಿ ಎರಡು ಜಾತಿ: ಅಯಸ್ಕಾಂತ ಮತ್ತು ತಂತಿಯ ಸುರುಳಿಯಿಂದ ಕೆಲಸ ಮಾಡುವ ಡೈನಾಮಿಕ್, ಕೆಲಸ ಮಾಡಲು ಕರೆಂಟು ಬೇಡುವ ಕಂಡೆನ್ಸರ್. ‘ಡೈನಾಮಿಕ್ ಮೈಕು ಹಿನ್ನೆಲೆ ಶಬ್ದ ಹಿಡಿಯುವುದಿಲ್ಲ, ಕಂಡೆನ್ಸರ್ ಎಲ್ಲ ಹಿಡಿಯುತ್ತದೆ’ ಎಂಬ ಮಾತು ಅರ್ಧ ಮಾತ್ರ ನಿಜ. ಎರಡನ್ನೂ ಬಾಯಿಂದ ಒಂದೇ ದೂರದಲ್ಲಿ, ಒಂದೇ ಕೋನದಲ್ಲಿ ಇಟ್ಟು ದನಿಯ ಮಟ್ಟ ಸರಿಹೊಂದಿಸಿದರೆ ಫ್ಯಾನ್ ಎರಡರಲ್ಲೂ ಹತ್ತಿರಹತ್ತಿರ ಅಷ್ಟೇ ಕೇಳುತ್ತದೆ. ಡೈನಾಮಿಕ್‌ನ ನಿಜವಾದ ಅನುಕೂಲ ಬೇರೆ. ಅದರ ಸಿಗ್ನಲ್ ಕಡಿಮೆ, ಹಾಗಾಗಿ ಹತ್ತಿರ ಮಾತಾಡಲೇಬೇಕಾಗುತ್ತದೆ. ಹತ್ತಿರ ಮಾತಾಡಿದರೂ ಅದು ಸಹಿಸಿಕೊಳ್ಳುತ್ತದೆ. ಕೆಳಗೆ ಬಿದ್ದರೂ ಸುಲಭಕ್ಕೆ ಕೆಡುವುದಿಲ್ಲ. ಕರಾವಳಿ, ಮಲೆನಾಡಿನವರಿಗೆ ಇನ್ನೊಂದು ಕಾರಣವೂ ಇದೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವಕ್ಕೆ ಕಂಡೆನ್ಸರ್ ಮೈಕು ಚಟಚಟ ಎನ್ನತೊಡಗುವುದುಂಟು. ಇರುವವರು ಅದನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಬೇಕು. ಡೈನಾಮಿಕ್‌ಗೆ ಆ ಉಪಚಾರ ಬೇಡ.

ಒಬ್ಬರೇ ಕೂತು ಮಾತಾಡುವುದಾದರೆ ನನ್ನ ಆಯ್ಕೆ ಯುಎಸ್‌ಬಿ ಮತ್ತು ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ ದುಂಡು ಮೈಕ್ ಕಿಂಡಿ) ಎರಡೂ ಇರುವ ಡೈನಾಮಿಕ್ ಮೈಕು. ಸ್ಯಾಮ್ಸನ್ ಕ್ಯೂ2ಯು ಮತ್ತು ಆಡಿಯೋ-ಟೆಕ್ನಿಕಾ ಎಟಿಆರ್2100ಎಕ್ಸ್ ಈ ಜಾತಿಯವು. ಇವತ್ತು ಯುಎಸ್‌ಬಿಯಲ್ಲಿ ನೇರ ಲ್ಯಾಪ್‌ಟಾಪಿಗೆ ಹಾಕಿ, ನಾಳೆ ಮೈಕಿನ ಸಿಗ್ನಲ್ ಎತ್ತಿ ಕಂಪ್ಯೂಟರಿಗೆ ಕೊಡುವ ಡಬ್ಬಿ, ಅಂದರೆ ಆಡಿಯೋ ಇಂಟರ್‌ಫೇಸ್ ಕೊಂಡರೆ ಅದೇ ಮೈಕನ್ನು ಎಕ್ಸ್‌ಎಲ್‌ಆರ್ ತಂತಿಯಲ್ಲಿ ಅದಕ್ಕೆ ಹಾಕಬಹುದು. ಮೈಕಿನ ಬುಡದಲ್ಲೇ ಹೆಡ್‌ಫೋನ್ ಕಿಂಡಿಯಿದೆ, ನಿಮ್ಮ ದನಿ ತಡವಿಲ್ಲದೆ ನಿಮಗೇ ಕೇಳುತ್ತದೆ. ಗಾಳಿ ಬಡಿಯುತ್ತಿದೆಯೋ, ದೂರ ಸರಿದಿದ್ದೀರೋ ಎಂಬುದೆಲ್ಲ ಲೈವ್ ನಡೆಯುವಾಗಲೇ ಗೊತ್ತಾಗುವುದು ಹಾಗೆ ಕೇಳಿಸಿಕೊಂಡಾಗ ಮಾತ್ರ.

ಇಬ್ಬರು ಎದುರುಬದುರು ಕೂರುವುದಾದರೆ ಎರಡು ಯುಎಸ್‌ಬಿ ಮೈಕುಗಳನ್ನು ಒಂದೇ ಕಂಪ್ಯೂಟರಿಗೆ ಹಾಕುವ ಗೋಜಿಗೆ ಹೋಗಬೇಡಿ. ಪ್ರತಿ ಯುಎಸ್‌ಬಿ ಮೈಕಿನೊಳಗೂ ಅದರದ್ದೇ ಗಡಿಯಾರವಿದೆ, ಎರಡೂ ಕೂದಲೆಳೆಯಷ್ಟು ಬೇರೆ ವೇಗದಲ್ಲಿ ಓಡುತ್ತವೆ. ಗಂಟೆ ಕಳೆಯುವಷ್ಟರಲ್ಲಿ ಇಬ್ಬರ ದನಿ ಒಂದಕ್ಕೊಂದು ತಪ್ಪಬಹುದು. ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2 ತರಹದ, ಎರಡು ಎಕ್ಸ್‌ಎಲ್‌ಆರ್ ಕಿಂಡಿಯ ಇಂಟರ್‌ಫೇಸ್ ಇದಕ್ಕೆ ಸರಿ. ಒಬ್ಬರ ಬಾಯಿಂದ ಮೈಕಿಗೆ ಎಷ್ಟು ದೂರವೋ ಅದರ ಮೂರು ಪಟ್ಟಾದರೂ ಎರಡು ಮೈಕುಗಳ ನಡುವೆ ಇರಲಿ, ಇಲ್ಲದಿದ್ದರೆ ಒಬ್ಬರ ದನಿ ಎರಡರಲ್ಲೂ ಬಿದ್ದು ಟೊಳ್ಳಾಗಿ ಕೇಳುತ್ತದೆ.

ಶೂರ್ ಎಸ್‌ಎಂ58 ಬಂದದ್ದು 1966ರಲ್ಲಿ. ಇಂದಿಗೂ ಮಾತಿಗೆ ಅದು ಸಾಕು. ಆದರೆ ನಕಲಿ ಬಹಳ. ಅಸಲಿಯ ತೂಕ 298 ಗ್ರಾಂ, ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ನೋಡಿ. ತೂಕ ಗಣನೀಯವಾಗಿ ಕಡಿಮೆ ಬಂದರೆ ಅನುಮಾನಿಸಿ. ಪಾಡ್‌ಕಾಸ್ಟ್‌ಗಳಲ್ಲೆಲ್ಲ ಕಾಣುವ ಎಸ್‌ಎಂ7ಬಿ ಕೊಳ್ಳುವ ಆಸೆಯಿದ್ದರೆ ಒಂದು ಸಂಗತಿ ತಿಳಿದಿರಲಿ: ಅದರ ಸಿಗ್ನಲ್ ಎಸ್‌ಎಂ58ಕ್ಕಿಂತಲೂ 4.5 ಡೆಸಿಬೆಲ್ ಕಡಿಮೆ, ಕನಿಷ್ಠ 60 ಡೆಸಿಬೆಲ್ ಗೇನ್ ಬೇಡುತ್ತದೆ. ಮೂರನೇ ತಲೆಮಾರಿನ ಸ್ಕಾರ್ಲೆಟ್ 2ಐ2 ಕೊಡುವುದು 56. ಗೇನ್ ತುದಿ ಮುಟ್ಟಿದರೂ ದನಿ ಸಾಲದೆ, ಸುಂಯ್ ಎಂಬ ಸದ್ದು ಮಾತ್ರ ಮೇಲೇಳುತ್ತದೆ. ಆಗ ಕ್ಲೌಡ್‌ಲಿಫ್ಟರ್ ತರಹದ, 25 ಡೆಸಿಬೆಲ್ ಎತ್ತಿಕೊಡುವ ಡಬ್ಬಿ ಬೇರೆ ಕೊಳ್ಳಬೇಕು. ನಾಲ್ಕನೇ ತಲೆಮಾರಿನದರಲ್ಲಿ 69 ಡೆಸಿಬೆಲ್ ಇರುವುದರಿಂದ ಅದು ಬೇಕಾಗುವುದಿಲ್ಲ. ಫ್ಯಾನ್ ಓಡುವ, ಗೋಡೆ ಬೋಳಾದ ಕೋಣೆಯಲ್ಲಿ ಎಸ್‌ಎಂ7ಬಿಗೂ ಕ್ಯೂ2ಯುಗೂ ಇರುವ ವ್ಯತ್ಯಾಸ ಕೇಳುಗರಿಗೆ ಗೊತ್ತಾಗುವುದು ಕಷ್ಟ. ಆ ಹಣ ಮೊದಲು ಕೋಣೆಗೆ ಹೋಗಲಿ.

ದೇವಸ್ಥಾನ, ಸಭೆ-ಸಮಾರಂಭಗಳಲ್ಲಿ ಬಳಸುವ ಅಹುಜಾ ಡೈನಾಮಿಕ್ ಮೈಕು ಮನೆಯಲ್ಲಿದ್ದರೆ ಅದೂ ಆಗುತ್ತದೆ, ಇಂಟರ್‌ಫೇಸ್‌ಗೆ ಹಾಕಿದರೆ ಮಾತ್ರ. ಅದರ ದಪ್ಪ 6.35 ಮಿಲಿಮೀಟರ್ ಜ್ಯಾಕ್‌ಗೆ ಅಡಾಪ್ಟರ್ ಸಿಕ್ಕಿಸಿ ಫೋನಿಗೋ ಲ್ಯಾಪ್‌ಟಾಪಿಗೋ ನೇರ ಹಾಕಿದರೆ ಕೇಳಿಸುವುದು ಗುಸುಗುಸು ಅಷ್ಟೇ. ಸಿಗ್ನಲ್ ಎತ್ತುವ ಪ್ರೀಆಂಪ್ ನಡುವೆ ಇಲ್ಲವಲ್ಲ. ಹಾಗೆಯೇ, ಬಿಎಂ-800 ಎಂಬ ಹೆಸರಿನಲ್ಲಿ ಸ್ಟ್ಯಾಂಡು, ಸ್ಪಂಜು, 3.5 ಮಿಲಿಮೀಟರ್ ತಂತಿ ಎಲ್ಲ ಸೇರಿಸಿ ಮಾರುವ ಕಂಡೆನ್ಸರ್ ಕಿಟ್‌ಗಳ ಬಗ್ಗೆ ಹುಷಾರಾಗಿರಿ. ಆ ತಂತಿಯಲ್ಲಿ ಲ್ಯಾಪ್‌ಟಾಪು ಕೊಡುವುದು ಕೆಲವೇ ವೋಲ್ಟ್. ದನಿ ಸಣ್ಣಗೆ, ಸುಂಯ್ ಸದ್ದು ದೊಡ್ಡದಾಗಿ ಬರುತ್ತದೆ. ಸ್ಟುಡಿಯೋ ಕಂಡೆನ್ಸರ್‌ಗಳಿಗೆ ಇಂಟರ್‌ಫೇಸಿನ 48 ವೋಲ್ಟ್ ಬಟನ್ ಒತ್ತಿದರೇನೇ ಸರಿಯಾದ ಜೀವ. ಎಕ್ಸ್‌ಎಲ್‌ಆರ್ ತಂತಿಯಲ್ಲಿರುವ ಡೈನಾಮಿಕ್‌ಗೆ ಆ 48 ವೋಲ್ಟ್ ಬೇಡ, ಅಕಸ್ಮಾತ್ ಒತ್ತಿದ್ದರೆ ಹಾನಿಯೂ ಇಲ್ಲ. ರಿಬ್ಬನ್ ಮೈಕು (ಒಳಗೆ ತೆಳು ಲೋಹದ ಪಟ್ಟಿ ಇರುವಂಥದ್ದು) ಇದ್ದವರು ಮಾತ್ರ ಆ ಬಟನ್‌ನಿಂದ ದೂರವಿರಿ.

ಫೋನಿನಿಂದ ಲೈವ್ ಮಾಡುವವರಿಗೆ ಅಂಗಿಗೆ ಸಿಕ್ಕಿಸುವ ಕಾಲರ್ ಮೈಕು. ಬೋಯಾ ಬಿವೈ-ಎಂ1 ಎಲ್ಲ ಕಡೆ ಸಿಗುತ್ತದೆ, 6 ಮೀಟರ್ ತಂತಿ ಇದೆ. ಹಳೆಯ ಮಾದರಿಯಲ್ಲಿ ಎಲ್‌ಆರ್44 ಗುಂಡಿ ಸೆಲ್ಲು ಹಾಕುವ ಡಬ್ಬಿಯ ಮೇಲೆ ಒಂದು ಸ್ವಿಚ್ಚು: ಫೋನಿಗೆ ಹಾಕುವಾಗ ಅದು ಸ್ಮಾರ್ಟ್‌ಫೋನ್ ಕಡೆ, ಕ್ಯಾಮೆರಾಗೆ ಹಾಕುವಾಗ ಕ್ಯಾಮೆರಾ ಕಡೆ ಇರಬೇಕು. ‘ಮೈಕು ಕೆಲಸ ಮಾಡುತ್ತಿಲ್ಲ’ ಎಂಬ ದೂರುಗಳಲ್ಲಿ ಬಹಳಷ್ಟು ಆ ಸ್ವಿಚ್ಚಿನದ್ದೇ. ಈ ಕಾಲರ್ ಮೈಕು ಸುತ್ತಲೂ ಸಮನಾಗಿ ಕೇಳುವಂಥದ್ದು, ತಂತಿಯಿಲ್ಲದ ಕಾಲರ್ ಮೈಕುಗಳಲ್ಲೂ ಹೆಚ್ಚಿನವು ಹಾಗೆಯೇ. ಅವುಗಳಿಗೆ ಬೆನ್ನೇ ಇಲ್ಲ, ಹಾಗಾಗಿ ಮೇಲೆ ಹೇಳಿದ ಕೋನದ ಉಪಾಯ ನಡೆಯುವುದಿಲ್ಲ. ಉಳಿಯುವುದು ದೂರ ಒಂದೇ. ಗದ್ದದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿ. ರೇಷ್ಮೆ ಸೀರೆಯ ಸೆರಗು, ಗಂಜಿ ಹಾಕಿದ ಕಾಟನ್ ಅಂಗಿ ಎರಡೂ ಮೈಕಿಗೆ ಉಜ್ಜಿ ಸರಸರ ಎನ್ನುತ್ತವೆ. ಕತ್ತಿನ ಸರ ಬಗ್ಗಿದಾಗೆಲ್ಲ ಮೈಕಿಗೆ ತಾಗಿ ಟಿಕ್ ಎನ್ನುತ್ತದೆ. ಸರವನ್ನು ಒಳಗೆ ಸೇರಿಸಿ, ಮೈಕಿನ ಹತ್ತಿರದ ತಂತಿಯನ್ನು ಒಂದು ಸುತ್ತು ಮಡಚಿ ಬಟ್ಟೆಯ ಒಳಬದಿಗೆ ಟೇಪ್ ಹಾಕಿ, ಎಳೆತ ಅಲ್ಲೇ ನಿಲ್ಲುತ್ತದೆ.

ಬ್ಲೂಟೂತ್ ಇಯರ್‌ಬಡ್‌ಗಳ ಮೈಕಿನಲ್ಲಿ ಲೈವ್ ಮಾಡಬೇಡಿ. ಅದರ ಮೈಕು ಚಾಲೂ ಆದ ಕ್ಷಣ ಅದು ಫೋನ್ ಕರೆಯ ಗುಣಮಟ್ಟಕ್ಕೆ ಇಳಿಯುತ್ತದೆ, ನಿಮಗೆ ಕೇಳುವ ಶಬ್ದವೂ ಕೆಡುತ್ತದೆ.

ಬೆಂಗಳೂರಿನವರಾಗಿ ಎಸ್.ಪಿ. ರೋಡಿನಂಥ ಕಡೆ ಅಂಗಡಿಯಲ್ಲೇ ಕೊಳ್ಳುವುದಾದರೆ ನಿಮ್ಮ ಫೋನು, ಓಟಿಜಿ ತಂತಿ, ಇಯರ್‌ಫೋನ್ ಒಯ್ಯಿರಿ. ಅಲ್ಲೇ ಒಂದು ನಿಮಿಷ ರೆಕಾರ್ಡ್ ಮಾಡಿ, ಮಾತಿಲ್ಲದ ಹತ್ತು ಸೆಕೆಂಡ್ ಬಿಟ್ಟು, ಆಮೇಲೆ ತಂತಿಯನ್ನು ಬುಡದಲ್ಲಿ ಅಲುಗಾಡಿಸಿ. ಕರಕರ ಎಂದರೆ ಬೇರೆ ಪೀಸ್ ಕೇಳಿ.

ಕೋಣೆ

ಕೋಣೆಯ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ. ‘ಟ್ರಿಂಗ್’ ಎಂಬ ಬಾಲ ಉಳಿದರೆ ನಿಮ್ಮ ಮಾತಿಗೂ ಅದೇ ಬಾಲ. ದುಬಾರಿ ಫೋಮ್ ಬೇಡ. ನೀವು ಮಾತಾಡುವಾಗ ದನಿ ಹೋಗಿ ಬಡಿಯುವ ಎದುರಿನ ಗೋಡೆಗೂ, ಮೈಕಿನ ಮೂತಿಗೆ ಎದುರಾಗಿ ನಿಮ್ಮ ಬೆನ್ನ ಹಿಂದಿರುವ ಗೋಡೆಗೂ ದಪ್ಪ ಬಟ್ಟೆ ಬೇಕು. ರಜಾಯಿ, ಕಂಬಳಿ, ದಪ್ಪ ಪರದೆ ಯಾವುದಾದರೂ ಸರಿ. ಗೋಡೆಗೆ ಅಂಟಿಸದೆ ಒಂದು ಗೇಣು ಬಿಟ್ಟು ತೂಗುಹಾಕಿದರೆ ಇನ್ನೂ ಹೆಚ್ಚು ಹೀರುತ್ತದೆ. ಟೈಲ್ಸ್ ಮೇಲೆ ಜಮಖಾನ ಹಾಸಿ. ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದಿಟ್ಟು ಅದನ್ನು ಬೆನ್ನಿಗೆ ಮಾಡಿಕೊಂಡು ಕೂರುವುದೂ ಒಳ್ಳೆಯ ಉಪಾಯ, ಕ್ಯಾಮೆರಾಗೆ ಕಾಣದಂತೆ ನೋಡಿಕೊಳ್ಳಿ. ಮೊಟ್ಟೆ ಟ್ರೇ ಅಂಟಿಸುವುದರಿಂದ ಹೇಳಿಕೊಳ್ಳುವಂಥ ಪ್ರಯೋಜನವಿಲ್ಲ, ಬೆಂಕಿಯ ಅಪಾಯ ಬೇರೆ. ಇವುಗಳಲ್ಲಿ ಯಾವುದೂ ಹೊರಗಿನ ಹಾರ್ನ್, ನಾಯಿ ಬೊಗಳುವಿಕೆಯನ್ನು ತಡೆಯುವುದಿಲ್ಲ. ಅದಕ್ಕೆ ಕಿಟಕಿಯ ಸಂದು ಮುಚ್ಚುವುದೊಂದೇ ದಾರಿ.

ಗುಂಯ್ ಎನ್ನುವ ಕರೆಂಟು

ಮಾತಾಡದಿದ್ದಾಗ ಒಂದೇ ಶ್ರುತಿಯಲ್ಲಿ ಗುಂಯ್ ಎಂದು ಕೇಳಿದರೆ ಅದು ನಮ್ಮ ಕರೆಂಟಿನ 50 ಹರ್ಟ್ಸ್, ಜೊತೆಗೆ 100, 150ರ ಮರಿಗಳು. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ ನೋಡಿ. ಸದ್ದು ನಿಂತರೆ ಮೈಕಿನದು ತಪ್ಪಿಲ್ಲ. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಅಡಾಪ್ಟರ್‌ನಲ್ಲಿ ತೂರಿಸಿದ್ದೀರೋ, ಗೋಡೆಯ ಸಾಕೆಟ್ಟಿನಲ್ಲಿ ಅರ್ಥ್ ತಂತಿ ನಿಜವಾಗಿ ಸೇರಿದೆಯೋ ಎಂದು ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ. ಕಂಪ್ಯೂಟರ್, ಇಂಟರ್‌ಫೇಸ್, ಮಾನಿಟರ್ ಎಲ್ಲವೂ ಒಂದೇ ಸ್ಪೈಕ್ ಬಸ್ಟರ್‌ನಿಂದ ಕರೆಂಟು ತೆಗೆದುಕೊಳ್ಳಲಿ. ಸ್ಕ್ವೇರ್ ವೇವ್ ಇನ್ವರ್ಟರ್‌ಗೆ ಬದಲಾದಾಗ ಈ ಗುಂಯ್ ಜೋರಾಗುತ್ತದೆ. ಕರೆಂಟು ಹೋಗುವ ಊರಿನಲ್ಲಿ ಲೈವ್ ಮಾಡುವವರು ಲ್ಯಾಪ್‌ಟಾಪನ್ನು ಪೂರ್ತಿ ಚಾರ್ಜ್ ಮಾಡಿಟ್ಟು, ಆ ಹೊತ್ತಿನಲ್ಲಿ ಚಾರ್ಜರ್ ತೆಗೆದುಬಿಡುವುದು ಸರಳ. ಯುಎಸ್‌ಬಿ ತಂತಿ 5 ಮೀಟರ್ ದಾಟಬಾರದು, ಹಬ್ಬಿನ ಮೂಲಕ ಬೇಡ. ಡೆಸ್ಕ್‌ಟಾಪ್ ಆದರೆ ಹಿಂದಿನ ಕಿಂಡಿಗೇ ಹಾಕಿ.

ಒಬಿಎಸ್ ಒಳಗೆ

ಒಬಿಎಸ್ ಎಂದರೆ ಕ್ಯಾಮೆರಾ, ಮೈಕು ಎಲ್ಲ ಸೇರಿಸಿ ಲೈವ್ ಕಳಿಸುವ ಸಾಫ್ಟ್‌ವೇರ್. ಅದಕ್ಕಿಂತ ಮೊದಲು ವಿಂಡೋಸ್. ಸೌಂಡ್ ಸೆಟ್ಟಿಂಗ್‌ನಲ್ಲಿ ಮೈಕನ್ನು ಆರಿಸಿ, ಆಡಿಯೋ ಎನ್‌ಹ್ಯಾನ್ಸ್‌ಮೆಂಟ್ಸ್ ಆಫ್ ಮಾಡಿ, ಫಾರ್ಮ್ಯಾಟ್ 48000 ಹರ್ಟ್ಸ್‌ಗೆ ಇಡಿ. ಒಬಿಎಸ್‌ನ ಆಡಿಯೋ ಸೆಟ್ಟಿಂಗ್‌ನಲ್ಲೂ 48 ಕಿಲೋಹರ್ಟ್ಸ್ ಇರಲಿ. ಒಂದು ಕಡೆ 44.1, ಇನ್ನೊಂದು ಕಡೆ 48 ಇದ್ದಾಗ ನಡುನಡುವೆ ಚಿಟಿಕೆ ಸದ್ದು ಬರುವುದುಂಟು. ಜೂಮ್ ಬಳಸುವವರು ಅದರಲ್ಲಿ ಮೈಕಿನ ಮಟ್ಟವನ್ನು ತಾನಾಗಿ ಹೊಂದಿಸುವ ಆಯ್ಕೆಯನ್ನು ತೆಗೆದುಬಿಡಿ. ಇಲ್ಲದಿದ್ದರೆ ಮಧ್ಯಾಹ್ನದ ಮೀಟಿಂಗ್ ಸಂಜೆಯ ಲೈವ್‌ನ ಗೇನ್ ಕೆಡಿಸಿಟ್ಟಿರುತ್ತದೆ.

ಒಬಿಎಸ್‌ನಲ್ಲಿ ಮೈಕು ಒಂದೇ ಕಡೆ ಇರಬೇಕು. ಸೆಟ್ಟಿಂಗ್‌ನ ಮೈಕ್/ಆಕ್ಸ್‌ನಲ್ಲೂ ಆರಿಸಿ, ಸೀನ್‌ನಲ್ಲೂ ಸೋರ್ಸ್ ಆಗಿ ಸೇರಿಸಿದರೆ ದನಿ ಎರಡು ಸಲ ಹೋಗಿ ಲೋಹದ ಕೊಳವೆಯೊಳಗಿಂದ ಬಂದ ಹಾಗಾಗುತ್ತದೆ. ವೆಬ್‌ಕ್ಯಾಮಿನ ಸ್ವಂತ ಮೈಕು ಮ್ಯೂಟ್ ಆಗದೆ ಉಳಿದರೂ ಇದೇ ಗತಿ. ಮಿಕ್ಸರ್‌ನಲ್ಲಿ ಕುಣಿಯುವ ಪಟ್ಟಿ ನಿಮ್ಮ ಮೈಕಿನದ್ದೊಂದೇ ಆಗಿರಬೇಕು. ಇಂಟರ್‌ಫೇಸ್‌ನ ಒಂದನೇ ಕಿಂಡಿಯ ಮೈಕು ಎಡಕಿವಿಗೆ ಮಾತ್ರ ಕೇಳುತ್ತಿದ್ದರೆ ಅಡ್ವಾನ್ಸ್ಡ್ ಆಡಿಯೋ ಪ್ರಾಪರ್ಟೀಸ್‌ಗೆ ಹೋಗಿ ಮೊನೊ ಎಂಬುದಕ್ಕೆ ಗುರುತು ಹಾಕಿ.

ಗೇನ್ ಹೊಂದಿಸುವಾಗ ‘ಹಲೋ, ಮೈಕ್ ಟೆಸ್ಟಿಂಗ್’ ಎಂದು ಮೆಲ್ಲಗೆ ಹೇಳಿದರೆ ಪ್ರಯೋಜನವಿಲ್ಲ. ಲೈವ್‌ನಲ್ಲಿ ಮಾತಾಡುವ ಉತ್ಸಾಹದಲ್ಲೇ ಎರಡು ನಿಮಿಷ ಮಾತಾಡಿ, ನಗಬೇಕಾದಲ್ಲಿ ನಗಿ. ಮಾತು ಹಳದಿ ಪಟ್ಟಿಯಲ್ಲಿ, ಅಂದರೆ −20ರಿಂದ −9ರ ನಡುವೆ ಓಡಾಡಬೇಕು. ನಗು, ಕೂಗು −6 ಮುಟ್ಟಿದರೆ ಪರವಾಗಿಲ್ಲ. 0 ಮುಟ್ಟಿ ಒಡೆದ ದನಿಯನ್ನು ಯಾವ ಫಿಲ್ಟರೂ ಜೋಡಿಸಲಾರದು.

ಫಿಲ್ಟರ್‌ಗಳು ಮೇಲಿನಿಂದ ಕೆಳಕ್ಕೆ ಈ ಕ್ರಮದಲ್ಲಿ: ಹಿನ್ನೆಲೆ ಸದ್ದು ತೆಗೆಯುವ ನಾಯ್ಸ್ ಸಪ್ರೆಷನ್, ಬೇಕಿದ್ದರೆ ಮೆಲು ಸದ್ದನ್ನು ಇನ್ನಷ್ಟು ತಗ್ಗಿಸುವ ಎಕ್ಸ್‌ಪ್ಯಾಂಡರ್, ಆಮೇಲೆ ಜೋರು ದನಿಯನ್ನು ಅದುಮಿ ಸಮ ಮಾಡುವ ಕಂಪ್ರೆಸರ್, ಕೊನೆಗೆ ದನಿ ಮಿತಿ ದಾಟದಂತೆ ತಡೆಯುವ ಲಿಮಿಟರ್. ಸಪ್ರೆಷನ್‌ನಲ್ಲಿ ಆರ್‌ಎನ್‌ನಾಯ್ಸ್ ಆರಿಸಿ. ಒಂದೇ ಸಮನೆ ಸುಯ್ಯೆನ್ನುವ ಫ್ಯಾನಿನ ಸದ್ದನ್ನು ಅದು ಚೆನ್ನಾಗಿ ತೆಗೆಯುತ್ತದೆ. ಆದರೆ ಮೈಕು ದೂರವಿದ್ದು ಫ್ಯಾನ್ ಮಾತಿನ ಸಮಕ್ಕೆ ಕೇಳುತ್ತಿದ್ದರೆ ಅದು ಸ, ಶ, ಹಗಳನ್ನೂ ಜೊತೆಗೆ ನುಂಗುತ್ತದೆ. ಕೋನ ಮತ್ತು ದೂರ ಸರಿಪಡಿಸಿದ ಮೇಲೆ ಉಳಿದ ಚೂರುಪಾರನ್ನು ಗುಡಿಸುವುದಕ್ಕಷ್ಟೇ ಅದನ್ನು ಬಳಸಿ.

ಒಂದು ಮಟ್ಟಕ್ಕಿಂತ ಕೆಳಗಿನ ಸದ್ದನ್ನೆಲ್ಲ ಮುಚ್ಚಿಬಿಡುವ ನಾಯ್ಸ್ ಗೇಟ್ ಬಗ್ಗೆ ನನಗೆ ಒಲವಿಲ್ಲ. ಫ್ಯಾನ್ ಇರುವ ಕೋಣೆಯಲ್ಲಿ ಗೇಟ್ ಹಾಕಿದರೆ ಮಾತಿನ ಜೊತೆ ಫ್ಯಾನ್ ಬಂದು, ಮಾತು ನಿಂತಾಗ ಮಾಯವಾಗಿ, ಮತ್ತೆ ಬಂದು ಕೇಳುಗರ ಗಮನವನ್ನೆಲ್ಲ ಅದೇ ಎಳೆಯುತ್ತದೆ. ಜೊತೆಗೆ ಕನ್ನಡದ ವಾಕ್ಯ ಮುಗಿಯುವುದು ಕ್ರಿಯಾಪದದಲ್ಲಿ, ಅಲ್ಲಿಗೆ ಬರುವಷ್ಟರಲ್ಲಿ ಉಸಿರೂ ದನಿಯೂ ಇಳಿದಿರುತ್ತವೆ. ಗೇಟ್ ಸರಿಯಾಗಿ ಅಲ್ಲೇ ಮುಚ್ಚಿಕೊಂಡು ‘ಬರುವುದಿಲ್ಲ’ ಎಂಬುದು ‘ಬರುವುದಿ’ ಎಂದು ನಿಲ್ಲುತ್ತದೆ. ಹಾಕಲೇಬೇಕಾದರೆ ಹೋಲ್ಡ್ 200ರಿಂದ 350 ಮಿಲಿಸೆಕೆಂಡಿಗೆ, ರಿಲೀಸ್ 150ರಿಂದ 250ಕ್ಕೆ ಏರಿಸಿ, ಮುಚ್ಚುವ ಮಟ್ಟವನ್ನು ನಿಮ್ಮ ಅತಿ ಮೆಲುದನಿಗಿಂತ ಕೆಳಗಿಡಿ.

ಕಂಪ್ರೆಸರ್‌ನಲ್ಲಿ ಒಬಿಎಸ್ ತಾನಾಗಿ ಕೊಡುವ 10:1 ಅನುಪಾತ ಮಾತಿಗೆ ಅತಿಯಾಯಿತು. 3:1ಕ್ಕೆ ಇಳಿಸಿ, ಥ್ರೆಷೋಲ್ಡ್ −20, ಅಟ್ಯಾಕ್ 6, ರಿಲೀಸ್ 100 ಮಿಲಿಸೆಕೆಂಡ್, ಔಟ್‌ಪುಟ್ ಗೇನ್ 3 ಅಥವಾ 4 ಡೆಸಿಬೆಲ್. ಔಟ್‌ಪುಟ್ ಗೇನ್ ಏರಿಸಿದಷ್ಟೂ ಹಿನ್ನೆಲೆಯ ಸದ್ದೂ ಏರುತ್ತದೆ ಎಂಬುದು ನೆನಪಿರಲಿ. ಲಿಮಿಟರ್ −3ರಲ್ಲಿ.

ಸಂಗೀತದವರು ಇಲ್ಲಿ ದಾರಿ ಬದಲಿಸಬೇಕು. ಆರ್‌ಎನ್‌ನಾಯ್ಸ್‌ಗೆ ಗೊತ್ತಿರುವುದು ಮಾತು. ತಂಬೂರಿಯ ನಾದ, ಶ್ರುತಿಪೆಟ್ಟಿಗೆ, ಹಾರ್ಮೋನಿಯಂನ ಎಳೆದ ಸ್ವರ ಇವೆಲ್ಲ ಅದಕ್ಕೆ ಫ್ಯಾನಿನ ಹಾಗೆಯೇ ಕಸ. ಹಾಡು ನಿಂತ ಕಡೆಯೆಲ್ಲ ಶ್ರುತಿ ಕತ್ತರಿಸಿಹೋಗುತ್ತದೆ. ಸಪ್ರೆಷನ್, ಎಕ್ಸ್‌ಪ್ಯಾಂಡರ್ ಎರಡನ್ನೂ ತೆಗೆಯಿರಿ, ಕಂಪ್ರೆಸರ್ 2:1 ಸಾಕು. ಮೈಕು 30 ಸೆಂಟಿಮೀಟರ್ ದೂರ ಇರಲಿ. ಇಷ್ಟು ದೂರಕ್ಕೆ ಫ್ಯಾನನ್ನು ತಡೆಯುವ ಉಪಾಯಗಳೆಲ್ಲ ಸೋಲುತ್ತವೆ, ಕಛೇರಿ ಮುಗಿಯುವವರೆಗೆ ಆರಿಸುವುದೇ ಸರಿ.

ಕೊನೆಯದು ತುಟಿಗೂ ಮಾತಿಗೂ ಹೊಂದಾಣಿಕೆ. ವೆಬ್‌ಕ್ಯಾಮಿನ ಚಿತ್ರ ಸಾಮಾನ್ಯವಾಗಿ ಶಬ್ದಕ್ಕಿಂತ ತಡವಾಗಿ ಬರುತ್ತದೆ. ಕ್ಯಾಮೆರಾ ಮುಂದೆ ಒಂದು ಚಪ್ಪಾಳೆ ತಟ್ಟಿ ಒಬಿಎಸ್‌ನಲ್ಲೇ ರೆಕಾರ್ಡ್ ಮಾಡಿ, ಯಾವುದಾದರೂ ಎಡಿಟರ್‌ನಲ್ಲಿ ಫ್ರೇಮ್ ಫ್ರೇಮಾಗಿ ನೋಡಿ. ಸದ್ದು ಬಂದ ಮೇಲೆ ಕೈ ಸೇರುವುದಕ್ಕೆ ಎಷ್ಟು ಫ್ರೇಮ್ ಹಿಡಿಯಿತು ಎಂದು ಎಣಿಸಿ. ಸೆಕೆಂಡಿಗೆ 30 ಫ್ರೇಮ್ ಇದ್ದರೆ ಒಂದೊಂದೂ 33 ಮಿಲಿಸೆಕೆಂಡ್. 4 ಫ್ರೇಮ್ ಆದರೆ ಅಡ್ವಾನ್ಸ್ಡ್ ಆಡಿಯೋ ಪ್ರಾಪರ್ಟೀಸ್‌ನಲ್ಲಿ ಮೈಕಿನ ಎದುರಿನ ಸಿಂಕ್ ಆಫ್‌ಸೆಟ್‌ಗೆ 133 ಎಂದು ತುಂಬಿ. ಕ್ಯಾಮೆರಾ ಬದಲಿಸಿದಾಗ, ಅದರ ರೆಸಲ್ಯೂಷನ್ ಬದಲಿಸಿದಾಗ ಈ ಅಂಕಿಯೂ ಬದಲಾಗುತ್ತದೆ, ಚಪ್ಪಾಳೆ ಮತ್ತೆ ತಟ್ಟಿ ನೋಡಬೇಕು.